ತಾರೀಖಕ್ಕನ ಚೀಟಿ

ನಮ್ಮಕ್ಕ ದರ್ಜಿ. ಇಪ್ಪತ್ತೆಂಟು ವರ್ಷದಲ್ಲಿ ಒಂದೇ ಒಂದು ತಾರೀಖು ತಪ್ಪಿಸಿದವಳಲ್ಲ. ಬೇರೆ ದರ್ಜಿಗಳು "ನಾಳೆ ಬನ್ನಿ" ಅನ್ನುವುದರಲ್ಲೇ ಆಯುಸ್ಸು ಕಳೆಯುತ್ತಾರೆ. ಇವಳು ಚೀಟಿಯ ಮೇಲೆ ತಾರೀಖು ಬರೆದಳೆಂದರೆ ಮುಗಿಯಿತು, ಆ ದಿನ ಬಟ್ಟೆ ಇಸ್ತ್ರಿಯಾಗಿ ಕೂತಿರುತ್ತಿತ್ತು. ಬೀದಿಯಲ್ಲೆಲ್ಲ ಅವಳಿಗೆ ತಾರೀಖಕ್ಕ ಎಂದೇ ಹೆಸರು. ನಾನು ಕಾಜ, ಗುಂಡಿ ನೋಡಿಕೊಳ್ಳುವ ತಂಗಿ. ಆ ಹೆಸರಿನ ಜಂಬ ಅವಳಿಗಿಂತ ನನಗೇ ಹೆಚ್ಚು.

ಕಳೆದ ವರ್ಷ ಅವಳಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ಔಷಧಿ ಹಿಡಿಯುತ್ತದೋ ಇಲ್ಲವೋ ಎಂದು ಕೇಳಿದಾಗಲೆಲ್ಲ ಡಾಕ್ಟರು "ನೋಡೋಣ" ಅನ್ನುತ್ತಿದ್ದರು. ಪಾಪ, ಅವರಿಗೂ ಗೊತ್ತಿರಲಿಲ್ಲ. ಆದರೆ ಆ ಹಾಳು ಮಾತು ನಮ್ಮ ಜೊತೆ ಮನೆಗೇ ಬಂತು. ಊಟ ಮಾಡ್ತೀಯಾ ಅಂದರೆ ನೋಡೋಣ. ತಲೆ ಬಾಚಲಾ ಅಂದರೆ ನೋಡೋಣ. ಗಿರಾಕಿ ಬಂದರೆ ಅಳತೆ ತೆಗೆದು, ತಾರೀಖಿನ ಜಾಗ ಖಾಲಿ ಬಿಟ್ಟು ಚೀಟಿ ಕೊಡುತ್ತಿದ್ದಳು.

"ಸಾಯೋದಕ್ಕೆ ಹೆದರಿಕೆ ಇಲ್ಲ ಕಣೇ," ಅಂದಳು ಒಮ್ಮೆ. "ಬಟ್ಟೆ ಎಷ್ಟಿದೆ ಅಂತ ಗೊತ್ತಿದ್ರೆ ಅಷ್ಟಕ್ಕೇ ಕತ್ತರಿಸ್ತೀನಿ. ಎಷ್ಟಿದೆ ಅಂತಾನೇ ಗೊತ್ತಿಲ್ದೆ ಕತ್ತರಿ ಹೇಗೆ ಹಿಡೀಲಿ?"

ನಾನು ಒಳಗೆ ಹೋಗಿ ಅತ್ತು ಬಂದೆ.

ಎಂಟನೇ ತಾರೀಖು ಗಣಿತದ ಮೇಷ್ಟ್ರು ಕೋಟಿನ ಬಟ್ಟೆ ತಂದರು. ಅಕ್ಕ ಅಳತೆ ತೆಗೆದಳು. ಯಾವಾಗ ಸಿಗುತ್ತೆ ಎಂದು ಕೇಳಿದ್ದಕ್ಕೆ ಅಕ್ಕ "ನೋಡೋಣ ಮೇಷ್ಟ್ರೇ" ಅಂದು ಒಳಗೆ ಹೋಗಿ ಮಲಗಿಬಿಟ್ಟಳು. ಮೇಷ್ಟ್ರು ನನ್ನ ಮುಖ ನೋಡಿದರು. "ಇಪ್ಪತ್ನಾಲ್ಕಕ್ಕೆ ನನ್ನ ಬೀಳ್ಕೊಡುಗೆ ಕಣಮ್ಮ." ಆ ಹಾಳು ನೋಡೋಣದ ಮೇಲೆ ನನಗೆ ಪಿತ್ತ ನೆತ್ತಿಗೇರಿತು. ಚೀಟಿ ಪುಸ್ತಕ ಎಳೆದುಕೊಂಡು ತಾರೀಖು ಗೀಚಿ, ಹರಿದು ಅವರ ಕೈಗಿಟ್ಟೆ. ಅವರು ಓದದೆ ಜೇಬಿಗೆ ಹಾಕಿಕೊಂಡರು.

ಸಂಜೆ ಅಕ್ಕ ಅಡಿಯ ಕಾರ್ಬನ್ ನಕಲು ನೋಡಿದಳು. "ಹದಿನಾಲ್ಕು ಅಂತ ಯಾರೇ ಬರೆದಿದ್ದು?"

ಸಿಟ್ಟಿನಲ್ಲಿ ಎರಡರ ಬದಲು ಒಂದು ಬರೆದಿದ್ದೆ! ತಪ್ಪಾಯಿತು ಅನ್ನುವಷ್ಟರಲ್ಲಿ ಅವಳು ಸೀಮೆಸುಣ್ಣ ಹುಡುಕುತ್ತಿದ್ದಳು. "ನಿನ್ನ ಬೈಯೋದು ಆಮೇಲೆ. ಆರೇ ದಿನ ಇದೆ. ನನ್ನ ಅಂಗಡಿ ಚೀಟಿ ಸುಳ್ಳಾಗಬಾರದು."

ಇಪ್ಪತ್ನಾಲ್ಕರ ಸುದ್ದಿ ಎತ್ತದೆ ನಾನು ಅಳತೆ ಟೇಪು ತಂದುಕೊಟ್ಟೆ.

ಅರ್ಧ ಗಂಟೆ ಹೊಲಿಗೆ, ಒಂದು ಗಂಟೆ ಹಾಸಿಗೆ. ಔಷಧಿಯಿಂದ ಬೆರಳು ಜೋಮು ಹಿಡಿಯುತ್ತಿತ್ತು, ದಾರ ನಾನು ಪೋಣಿಸಿ ಕೊಡುತ್ತಿದ್ದೆ. ಬಲದೋಳು ಸರಿಯಾಗಿ ಕೂರಲಿಲ್ಲವೆಂದು ಪೂರ್ತಿ ಬಿಚ್ಚಿ ಮತ್ತೆ ಕೂರಿಸಿದಳು. ಮೂರನೇ ದಿನ ತಾನಾಗಿಯೇ ಊಟ ಕೇಳಿದಳು.

ಹದಿನಾಲ್ಕನೇ ತಾರೀಖು ಅಕ್ಕ ಹೇಳಿಕಳಿಸಿದ್ದಕ್ಕೆ ಬಂದ ಮೇಷ್ಟ್ರು ಕೋಟು ನೋಡಿ ಕಕ್ಕಾಬಿಕ್ಕಿ. "ನಾನು ಹೇಳಿದ್ದು ಇಪ್ಪತ್ನಾಲ್ಕಕ್ಕಲ್ವೇನಮ್ಮ?"

ಅಕ್ಕ ನನ್ನ ಕಡೆ ತಿರುಗಿದಳು. ನಾನು ಗೋಡೆ ನೋಡಿದೆ. ಎಷ್ಟೋ ತಿಂಗಳ ಮೇಲೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹತ್ತು ದಿನ ಮೊದಲೇ ಕೊಟ್ಟ ದರ್ಜೀನ ಎಲ್ಲಾದ್ರೂ ನೋಡಿದ್ದೀರಾ ಮೇಷ್ಟ್ರೇ?"

ಮುಂದಿನ ವಾರ ಆಸ್ಪತ್ರೆಯಲ್ಲಿ ಡಾಕ್ಟರು ರಿಪೋರ್ಟು ತಿರುವಿ ಹಾಕಿದರು. "ಈಗಲೇ ಏನೂ ಹೇಳಕ್ಕಾಗಲ್ಲಮ್ಮ. ಮೂರು ತಿಂಗಳು ಬಿಟ್ಟು ನೋಡೋಣ."

ಅಕ್ಕ ಚೀಲದಿಂದ ಚೀಟಿ ಪುಸ್ತಕ ತೆಗೆದು ಅವರ ಮುಂದಿಟ್ಟಳು. "ವಾಸಿಯಾಗುತ್ತೆ ಅಂತ ಬರೀಬೇಡಿ, ಆಗಲ್ಲ ಅಂತಾನೂ ಬರೀಬೇಡಿ. ಯಾವತ್ತು ನೋಡೋಣ, ಅದನ್ನ ಬರೀರಿ."

ಡಾಕ್ಟರು ಕ್ಯಾಲೆಂಡರು ನೋಡಿ ಬರೆದರು. ಅಕ್ಕ ಮೇಲಿನ ಚೀಟಿ ಹರಿದು ಅವರಿಗೇ ಕೊಟ್ಟು, ನಕಲು ತಾನಿಟ್ಟುಕೊಂಡಳು. ಇವಳು ನಮ್ಮಕ್ಕ ಎಂದು ಆಸ್ಪತ್ರೆಗೆಲ್ಲ ಕೇಳುವಂತೆ ಕೂಗಬೇಕೆನಿಸಿತು ನನಗೆ.

"ನನ್ನಿಂದ ತಾರೀಖು ತಪ್ಪಲ್ಲ ಡಾಕ್ಟ್ರೇ," ಅಂದಳು. "ನಿಮ್ಮದು ನೀವು ನೋಡ್ಕೊಳ್ಳಿ."