ಆರುನೂರ ಹನ್ನೆರಡು ಪೆಟ್ಟಿಗೆ

ಮತ್ತೆ ಆ ಏಳು, ಬಾಲ ಬಾಗಿಸಿ ನಡುವೆ ಗೆರೆ ಎಳೆದ ಏಳು, ಅಕ್ಕನ ಕೈಯದೇ, ಆರುನೂರ ಎಪ್ಪತ್ತೆರಡು ಪೆಟ್ಟಿಗೆ ಅಂತ ಬರೆದಿದ್ದಾಳೆ ವಾನೀಟಾ, ಯಂತ್ರದ ಮೀಟರು ತೋರಿಸುತ್ತಿರುವುದು ಆರುನೂರ ಹನ್ನೆರಡು, ನೆಲ್ಡಾ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದಳು, ಏಳು ಏಳೇ, ಮೂರು ವಾರದಲ್ಲಿ ಇದು ಒಂಬತ್ತನೆಯ ಸಲ — ಲೆಕ್ಕದ ಕೋಣೆಯ ಗಾಜಿನಾಚೆ ಪೆನ್ಸಿಲು ಕಾರ್ಖಾನೆಯ ಬೆಳಗಿನ ಪಾಳಿಯವರು ಮೇಲಂಗಿ ಕಳಚುತ್ತಿದ್ದಾರೆ, ಮೂರು ಗಂಟೆಯ ಬಿಸಿಲಿನಲ್ಲಿ ದೇವದಾರಿನ ಪುಡಿ ತೇಲುತ್ತಿದೆ, ಟೆನೆಸ್ಸಿಯ ಮಕ್ಕಳೆಲ್ಲ ಗೀಚಿದರೂ ಮುಗಿಯದಷ್ಟು ಪೆನ್ಸಿಲು, ಹಳದಿ ಬಣ್ಣದ ವಾಸನೆ ಗಂಟಲಿಗೇ ಹತ್ತುತ್ತದೆ, ಈ ಗಾಜಿನ ಕೆಳಗಿನ ಸೀಳಿನಿಂದ ಅಕ್ಕ ದಿನವೂ ಹಾಳೆ ತೂರಿಸುತ್ತಾಳೆ, ಬೆರಳ ತುದಿ ಮಾತ್ರ ಕಾಣುತ್ತದೆ, ಆರು ವರ್ಷದಿಂದ ಬೆರಳ ತುದಿ ಅಷ್ಟೇ, ಮಾತಿಲ್ಲ, ಅಮ್ಮನನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ ಅಕ್ಕ ಆಡಿದ್ದೇ ಕೊನೆ, ಸಾಯೋ ಮುಂಚೆ ಮೂರು ದಿನ ಅಮ್ಮ ನಿನ್ನ ಹೆಸರು ಕೂಗಿದ್ಲು ಕಣೇ, ನೀನು ಬರ್ಲಿಲ್ಲ, ಇನ್ನು ನನ್ನ ಹೆಸರೂ ನೀನು ಕೂಗ್ಬೇಡ.

ಎಂಟು ಸಲ ನೆಲ್ಡಾ ಸದ್ದಿಲ್ಲದೆ ಹೊಸ ಹಾಳೆ ತೆಗೆದು ಸರಿಯಾದ ಅಂಕಿ ಬರೆದಿದ್ದಳು, ಅಕ್ಕನ ಅಕ್ಷರದಲ್ಲೇ, ಅದೇನು ಕಷ್ಟವಲ್ಲ, ಅಡುಗೆಮನೆಯ ಮೇಜಿನ ಮೇಲೆ ಕೈ ಹಿಡಿದು ಬರೆಯಲು ಕಲಿಸಿದವಳೇ ಅವಳು, ಏಳಕ್ಕೆ ನಡು ಕಟ್ಟಬೇಕು ಪುಟ್ಟಿ, ಇಲ್ದಿದ್ರೆ ಒಂದರ ಥರ ಕಾಣತ್ತೆ — ಆಮೇಲೆ ಕೆಳಗೆ ತನ್ನ ಸಹಿ, ಪರಿಶೀಲಿಸಿದೆ, ಸರಿಯಿದೆ, ಮೊಹರು, ಹಳೆಯ ಹಾಳೆ ಚೀಲದೊಳಗೆ, ಅಲ್ಲಿಂದ ಮನೆಯ ಒಲೆಗೆ, ಹಾಗೆ ಉರಿಯುವಾಗ ಯಾರೋ ಜೊತೆಗೆ ಕೂತಂತೆ ಅನ್ನಿಸುತ್ತಿತ್ತು, ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಆದರೆ ಅಪ್ಪನಿಗೂ ಕಣ್ಣು ಮಂಜಾಗಲು ಹೀಗೇ ಶುರುವಾಗಿದ್ದಲ್ಲವೇ, ಅರವತ್ತಕ್ಕೆ, ಕಾಫಿಯನ್ನು ಲೋಟದ ಪಕ್ಕಕ್ಕೆ ಸುರಿದು, ಯಾರೇ ಇದನ್ನ ಇಲ್ಲಿ ಜರುಗಿಸಿದ್ದು ಅಂತ ಗದರಿದ್ದ, ವಾನೀಟಾಗೆ ಈಗ ಅರವತ್ತೊಂದು, ದಿನವೂ ಹಲ್ಲುಚಕ್ರದ ಪಕ್ಕ ನಿಲ್ಲುತ್ತಾಳೆ, ಹೆದ್ದಾರಿಯಲ್ಲಿ ಇಪ್ಪತ್ತು ಮೈಲಿ ತಾನೇ ಗಾಡಿ ಓಡಿಸುತ್ತಾಳೆ, ಶಾಲೆಯ ಬಸ್ಸುಗಳು ಬರುವ ಹೊತ್ತು ಇದು, ಈ ಎಂಟು ಹಾಳೆ ಸುಟ್ಟು ನಾನು ಮಾಡಿದ್ದೇನು —

ಮುಗೀತೇನಮ್ಮ ನೆಲ್ಡಾ, ಮೇಸ್ತ್ರಿ ಹೋಯ್ಟ್ ಬಾಗಿಲಿಗೆ ಒರಗಿದ್ದಾನೆ, ಬೇಗ ಸಹಿ ಗೀಚು ತಾಯಿ, ಶುಕ್ರವಾರ ಇವತ್ತು, ನನ್ನ ಹೆಂಡ್ತಿ ಮೀನು ಕರೀತಾ ಇದ್ದಾಳೆ, ತಣ್ಣಗಾದ್ರೆ ನನ್ನನ್ನೇ ಕರೀತಾಳೆ. ಹೊಸ ಹಾಳೆ ಕೈಗೆ ಬಂದಿತ್ತು, ನೆಲ್ಡಾ ಅದನ್ನು ಡ್ರಾಯರಿಗೆ ಹಿಂದಕ್ಕೆ ಹಾಕಿದಳು, ಕೆಂಪು ಪೆನ್ನು ತೆಗೆದು ಆ ಏಳಿನ ಸುತ್ತ ಗೆರೆ ಎಳೆದಳು, ಷರಾ ಎಂಬಲ್ಲಿ ಬರೆದಳು, ಅಂಕಿ ತಪ್ಪು, ಒಂಬತ್ತನೆಯ ಸಲ, ಹಿಂದಿನ ಎಂಟನ್ನೂ ನಾನೇ ತಿದ್ದಿದ್ದೇನೆ, ಬರೆದವರ ಕಣ್ಣು ಪರೀಕ್ಷೆಯಾಗಬೇಕು. ಹೋಯ್ಟ್ ಓದಿದ, ನಗು ಇಳಿಯಿತು, ಅಲ್ಲಮ್ಮ, ಇದ್ರಿಂದ ನಿನ್ನ ಕೆಲ್ಸಾನೂ ಹೋಗತ್ತೆ, ಗೊತ್ತು ತಾನೆ, ಗೊತ್ತು ಹೋಯ್ಟ್, ತಗೊಂಡು ಹೋಗು.

ಗಾಡಿ ನಿಲ್ಲಿಸುವ ಅಂಗಳಕ್ಕೆ ಓಡಿದಳು, ಓಡಿ ಎಷ್ಟು ಕಾಲವಾಗಿತ್ತೋ, ಡಾಂಬರು ಕಾದು ಮೆತ್ತಗಾಗಿದೆ, ಸಾಲಿನ ಕೊನೆಗೆ ಅಕ್ಕನ ಹಸಿರು ಗಾಡಿ, ಕಿಟಕಿ ಇಳಿಸಿದೆ, ಅಕ್ಕಾ — ವಾನೀಟಾ ತಿರುಗಲಿಲ್ಲ, ಎದುರಿನ ಗಾಜನ್ನೇ ನೋಡುತ್ತಾ ಅಂದಳು, ನೀನು ತಿದ್ದುತಾ ಇದ್ದೆ ಅಂತ ಗೊತ್ತಿತ್ತು ಕಣೇ, ಎಷ್ಟು ತಪ್ಪಿದ್ರೂ ಯಾರೂ ಕೇಳ್ತಿರ್ಲಿಲ್ಲ, ಇನ್ಯಾರಿದ್ದಾರೆ ನಂಗೆ, ಆ ಧೈರ್ಯದ ಮೇಲೇ ದಿನಾ ಬರ್ತಿದ್ದೆ. ಇವತ್ತು ತಿದ್ಲಿಲ್ಲ ಅಕ್ಕಾ. ಪಕ್ಕದ ಸಾಲಿನ ಗಾಡಿಗಳೆಲ್ಲ ಹೊರಟುಹೋದವು. ಹೋಗ್ಲಿ ಬಿಡು, ಅಂದಳು ವಾನೀಟಾ, ಗಾಡಿಯ ಬೀಗದ ಕೈಯನ್ನು ಸ್ಟಿಯರಿಂಗ್ ಪಕ್ಕದ ತೂತಿನತ್ತ ಚಾಚಿದಳು, ನೆಲ್ಡಾ ಕಿಟಕಿಯೊಳಗೆ ಕೈ ಇಟ್ಟಳು, ಅಂಗೈ ಮೇಲಾಗಿ, ಕೊಡು, ನಾನು ಓಡಿಸ್ತೀನಿ, ಅಕ್ಕ ಕೊಡಲಿಲ್ಲ, ಆ ಕೈ ಅವಳಿಗೆ ಕಂಡಿತೋ ಇಲ್ಲವೋ, ಬೀಗದ ಕೈಯ ತುದಿ ತೂತಿನ ಸುತ್ತ ಲೋಹವನ್ನು ಕೆರೆಯುತ್ತಿದೆ, ಎಡಕ್ಕೆ, ಕೆಳಕ್ಕೆ, ಮತ್ತೆ ಎಡಕ್ಕೆ, ಸೋಮವಾರ ಇಬ್ಬರನ್ನೂ ಕರೆಸುತ್ತಾರೆ, ಕೆರೆಯುತ್ತಿದೆ, ಅಮ್ಮ ಮೂರು ದಿನ, ಕೆರೆಯುತ್ತಿದೆ, ತೂತಿನ ಸುತ್ತ, ಸಿಗದೆ, ಆ ತುದಿ ಇನ್ನೂ ಹುಡುಕುತ್ತಿದೆ, ನೆಲ್ಡಾಳ ಅಂಗೈ ಇನ್ನೂ ಚಾಚಿಯೇ ಇದೆ.