ತೊಂಬತ್ತೊಂದನೆಯ ಪುಟದ ಗಂಡಸು

“ಗೇದರ್ ಮಾವನ ಕೈ ಖಾಲಿ ಇದ್ದದ್ದನ್ನ ನೋಡಿದೋರಿಗೆ ಪೀಚ್ ಹಣ್ಣಿನ ಕಡುಬು ಮಾಡಿಕೊಡ್ತೀನಿ” ಎಂದು ಎದುರುಮನೆಯ ಒಡೆಸ್ಸಾಕ್ಕ ಸಾರುತ್ತಿದ್ದಳು. ಇಪ್ಪತ್ತು ವರ್ಷಗಳಲ್ಲಿ ಆ ಕಡುಬು ಯಾರ ಬಾಯಿಗೂ ಬೀಳಲಿಲ್ಲ. ಕ್ಲೀವ್‌ಲ್ಯಾಂಡಿನ ಪೂರ್ವಭಾಗದಲ್ಲಿ, ಕರಿಯರಾದ ನಾವೇ ತುಂಬಿಕೊಂಡಿದ್ದ ಬೀದಿಯಲ್ಲಿ, ಲೂಷಿಯಸ್ ಗೇದರ್ ಎಂಬ ಆ ಆಜಾನುಬಾಹು ಹೊಸಿಲು ದಾಟಿದರೆಂದರೆ ಕೈಯಲ್ಲೊಂದು ಸಾಮಾನು ಇರಲೇಬೇಕು: ಪೊರಕೆಯೋ, ಪಾನಾವೋ, ಯಾರದೋ ಮನೆಯ ಕೆಟ್ಟ ನಲ್ಲಿಯೋ, ಏನೂ ಸಿಗದ ದಿನ ಒಂದು ಸುತ್ತಿಗೆ. ಎಡಗಾಲನ್ನು ತುಸು ಎಳೆದು ನಡೆಯುತ್ತಿದ್ದ ಅವರು ಬೀದಿಯ ಮೂಲೆ ಬಂದೊಡನೆ ಓಟ ಕೀಳುವವರಂತಾಗುತ್ತಿದ್ದರು. ಯಾರಾದರೂ ತಡೆದರೆ, “ಕೆಲಸ ಇದೆ ಕಣಪ್ಪ, ಕೆಲಸ ಇದೆ.” ಎರಡು ಸಲ, ಯಾವಾಗಲೂ ಎರಡು ಸಲ.

“ಚರ್ಚಿಗೂ ಸುತ್ತಿಗೆ ತಂದಿದೀರಲ್ಲ ಮಾವ, ದೇವರ ಮನೇಲಿ ಮೊಳೆ ಕಿತ್ತುಬಂದಿದೆಯಾ?” ಎಂದು ಒಡೆಸ್ಸಾಕ್ಕ ಒಮ್ಮೆ ಕೆಣಕಿದಳು.

“ಬಂದಿರುತ್ತೆ. ನೋಡೋರು ಬೇಕಷ್ಟೆ.”

ನಾವು ನಗುತ್ತಿದ್ದೆವು. ಆ ಕೈಗಳ ಹಿಂದೆ ಒಂದು ಭಯವಿದೆಯೆಂದು, ಭಯದ ಹಿಂದೊಂದು ಪುಸ್ತಕವಿದೆಯೆಂದು ನಮಗೆ ತಿಳಿದದ್ದು ಬಹಳ ತಡವಾಗಿ.

ಐವತ್ತು ವರ್ಷಗಳ ಹಿಂದೆ ಬಿಳಿಯ ಸಂಶೋಧಕನೊಬ್ಬ ಒಂದಿಡೀ ಬೇಸಿಗೆ ನಮ್ಮ ಮೂಲೆಯಲ್ಲಿ ಕುಳಿತು ಕರಿಯ ಗಂಡಸಿನ ಸ್ವಭಾವವನ್ನು ಅಧ್ಯಯನ ಮಾಡಿದ. ಸಜ್ಜನ, ಎಲ್ಲರಿಗೂ ಕಾಫಿ ತರುತ್ತಿದ್ದ. ಬೆಳಿಗ್ಗೆ ಹತ್ತಕ್ಕೆ ಬಂದು ಎರಡಕ್ಕೆ ಹೊರಡುತ್ತಿದ್ದ. ಉಕ್ಕಿನ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ, ತುಸು ಮಲಗಿ ಎದ್ದು, ಬಿಸಿಲಿಗೆ ಮೈಯೊಡ್ಡಿ ನಿಲ್ಲುತ್ತಿದ್ದ ಗಂಡಸರನ್ನು ಆತ ಕಂಡದ್ದು ಆ ನಾಲ್ಕು ತಾಸು ಮಾತ್ರ. ರಾತ್ರಿ ಏನು ಮಾಡುತ್ತೀರಿ ಎಂದು ಕೇಳಲಿಲ್ಲ. ಪುಸ್ತಕದ ತೊಂಬತ್ತೊಂದನೆಯ ಪುಟದಲ್ಲಿ ಗೇದರ್ ಮಾವ ‘ಸನ್ನಿ’ ಎಂಬ ಹುಸಿಹೆಸರಿನವರಾದರು: ದೃಢಕಾಯ, ನಿರುದ್ಯೋಗಿ, ದಿನವಿಡೀ ಬರಿಗೈ, ಮಕ್ಕಳ ಚಿಂತೆಯಿಲ್ಲದವನು. ಕಾದ ಕಬ್ಬಿಣ ಬಿದ್ದು ಸುಟ್ಟ ಕಾಲಿನ ಎಳೆತ ಅಲ್ಲಿ ಗಂಡಸುತನದ ಠೀವಿಯಾಗಿತ್ತು. ಆ ಪುಟ ವಿಶ್ವವಿದ್ಯಾಲಯಗಳಲ್ಲಿ ಪಾಠವಾಯಿತು. ಒಬ್ಬ ಸನ್ನಿ ಒಂದು ಜನಾಂಗವೇ ಆಗಿಹೋದ. ಮಾವ ಎಂದೋ ಆ ಪುಟ ಓದಿ ಯಾರಿಗೂ ಹೇಳದೆ ಇಟ್ಟುಕೊಂಡಿದ್ದರು; ಅಂದಿನಿಂದ ಅವರು ಬರಿಗೈಲಿ ಬೀದಿಗಿಳಿದಿರಲಿಲ್ಲ.

ಮೊಮ್ಮಗಳು ಜೊಸೆಟ್ ಅದೇ ಪಾಠ ಓದುತ್ತ ಆ ಠೀವಿಯಿಂದಲೇ ತಾತನನ್ನು ಗುರುತು ಹಿಡಿದಳು. ಏಳು ವರ್ಷ ದುಡಿದು, ಆ ಪುಸ್ತಕವನ್ನು ಅಲ್ಲಗಳೆಯುವ ಮಹಾಪ್ರಬಂಧ ಬರೆದಳು. ಮೌಖಿಕ ಪರೀಕ್ಷೆಯ ಹಿಂದಿನ ಮಧ್ಯಾಹ್ನ ನೆರೆಮನೆಯ ನಾನೂ ಅವರ ಅಡುಗೆಮನೆಯಲ್ಲಿದ್ದೆ. ಅವಳು ಓದಿದಳು: “ಈ ವ್ಯಕ್ತಿ ಒಂದು ದಿನವೂ ಸಂಸಾರ ಬಿಟ್ಟವನಲ್ಲ.”

ಮಾವ ಚಮಚ ಕೆಳಗಿಟ್ಟರು. “ಅದನ್ನ ಹೊಡೆದುಹಾಕು ಮಗಳೇ.”

“ಯಾಕೆ ತಾತ?”

“ಬಿಟ್ಟಿದ್ದೆ. ಆ ಪುಸ್ತಕದೋನು ಬಂದುಹೋದ ಮುಂದಿನ ವರ್ಷ. ಕಾರ್ಖಾನೆಯವರು ತೆಗೆದುಹಾಕಿದ್ರು. ನಿಮ್ಮಮ್ಮ ಮೂರು ವರ್ಷದ ಕೂಸು. ಅವಳ ಮುಖ ನೋಡಕ್ಕಾಗ್ದೆ ಡೆಟ್ರಾಯಿಟ್‌ಗೆ ಓಡಿಹೋದೆ. ಹನ್ನೊಂದು ತಿಂಗಳು. ಒಂದು ಕಾಗದಾನೂ ಹಾಕ್ಲಿಲ್ಲ.”

ಒಲೆಯ ಮೇಲೆ ಸೊಪ್ಪು ತಳಹಿಡಿಯುತ್ತಿತ್ತು, ಯಾರೂ ಏಳಲಿಲ್ಲ. ಜೊಸೆಟ್ ಹಾಳೆಗಳನ್ನು ಮೇಜಿನ ಮೇಲೆ ಒಗೆದಳು.

“ಇದನ್ನ ಬರೆದ್ರೆ ಏನಂತಾರೆ ಗೊತ್ತಾ? ‘ನೋಡಮ್ಮ, ಆ ಪುಸ್ತಕಾನೇ ಸರಿ’ ಅಂತಾರೆ. ನಾಳೆ ಐದು ಜನ ಪರೀಕ್ಷಕರು ಕೂತಿರ್ತಾರೆ ತಾತ! ನನ್ನ ಏಳು ವರ್ಷ ನೀರಲ್ಲಿ ಹೋಮ ಆಗುತ್ತೆ.”

“ಅವನು ಹಗಲು ಮಾತ್ರ ನೋಡ್ದ. ನೀನು ಒಳ್ಳೇದು ಮಾತ್ರ ಕೇಳ್ದೆ.”

“ಅವನೂ ನಾನೂ ಒಂದೇನಾ?”

“ನೀನು ನನ್ನ ಮಗಳ ಹೊಟ್ಟೇಲಿ ಹುಟ್ಟಿದೋಳು, ಅದಕ್ಕೇ ಹೇಳ್ತಿದೀನಿ. ಆ ಮಾತು ಹಾಗೇ ಇದ್ರೆ ನಾಳೆ ನಾನು ಬರಲ್ಲ.”

ಅವಳು ಬಾಗಿಲು ಬಡಿದುಕೊಂಡು ಹೋದಳು. ಮಾವ ಸಂಜೆಯವರೆಗೂ ಕುರ್ಚಿ ಬಿಟ್ಟು ಕದಲಲಿಲ್ಲ. “ತಪ್ಪು ಮಾಡಿದ್ನಾ?” ಎಂದರು. ನಾನು ತಳಹಿಡಿದ ಪಾತ್ರೆ ಉಜ್ಜುತ್ತಿದ್ದೆ.

ಬೆಳಿಗ್ಗೆ ಕಣ್ಣು ಊದಿಸಿಕೊಂಡು ಬಂದ ಜೊಸೆಟ್ ಹಾಳೆ ಚಾಚಿದಳು. ಹನ್ನೊಂದು ತಿಂಗಳು ಅಲ್ಲಿದ್ದವು. ಮರಳಿ ಬಂದದ್ದೂ, ಆಮೇಲಿನ ಮೂವತ್ತು ವರ್ಷಗಳ ದುಡಿಮೆಯೂ. ಮಾವ ಬೆರಳಿಟ್ಟು ಓದಿದರು, ತಲೆದೂಗಿದರು, ಕೋಟು ತೊಟ್ಟರು.

ಅಂದು ಸಂಜೆ ಎದೆನೋವು ಬಂದು ಅವರು ವಿಶ್ವವಿದ್ಯಾಲಯದಿಂದ ನೇರ ಆಸ್ಪತ್ರೆಗೆ ಹೋದರು. ಮೊಮ್ಮಗಳಿಗೆ ಪದವಿ ದಕ್ಕಿತೆಂದು ಅಲ್ಲೇ ಕೇಳಿ, ನಾಲ್ಕನೆಯ ದಿನ ತೀರಿಕೊಂಡರು. ಇತರರ ಲೇಖನಿಯಿಂದ ಗಾಯಗೊಂಡವರು ಲೋಕದಲ್ಲಿ ಹೇರಳ. ತಮ್ಮನ್ನು ನಿಂದಿಸಿದ ಸುಳ್ಳನ್ನು ಅವರೆಲ್ಲ ದ್ವೇಷಿಸುತ್ತಾರೆ, ಅದು ಸಹಜ. ತಮ್ಮನ್ನು ಹೊಗಳುವ ಸುಳ್ಳಿಗೂ ಅಷ್ಟೇ ಅಂಜುವವರು ವಿರಳ, ಮತ್ತು ಅಂಥವರ ಪಕ್ಕದಲ್ಲಿ ಬದುಕುವುದು ಪ್ರೀತಿಸುವವರಿಗೆ ಸುಲಭವಲ್ಲ.

ಪರೀಕ್ಷೆಗೆ ಹೊರಟ ಆ ಬೆಳಿಗ್ಗೆ ಬಾಗಿಲಲ್ಲಿ ಜೊಸೆಟ್ ಅವರ ತೋಳು ಹಿಡಿದಳು. “ತಾತ, ಅವರು ನಿಮ್ಮನ್ನೇ ಕೇಳಿಬಿಟ್ರೆ?”

“ಕೇಳ್ಲಿ ಬಿಡೇ. ಐವತ್ತು ವರ್ಷ ಆಯ್ತು, ಇನ್ನೂ ಯಾರೂ ಕೇಳಿಲ್ಲ” ಎಂದು ಅವರು ಮೆಟ್ಟಿಲಿಳಿದರು.