ಬಿಟ್ಟುಹೋದ ಸ್ಪ್ಯಾನಿಷ್ ಸಾಲು

ನಿಘಂಟಿನ ಕಚೇರಿಯಲ್ಲಿ ಕರಡು ನೋಡುವುದು ಇಬ್ಬರ ಕೆಲಸ. ಹುಡುಗಿ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಎದುರು ಕೂತ ಹಿರಿಯಾಕೆ ಅಚ್ಚಿನ ಕರಡಿನ ಮೇಲೆ ಪೆನ್ಸಿಲ್ ಆಡಿಸುತ್ತಾ ಕೇಳಬೇಕು. ಆಕೆಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಆ ಮೇಜೇ ಅವರ ಪ್ರಪಂಚ. ಈಚೆಗೆ ಅವರ ಕಿವಿ ಮಂದವಾಗಿದೆಯೆಂದು ಕಚೇರಿಯಲ್ಲಿ ಗುಸುಗುಸು ಎದ್ದಿತ್ತು.

ಆ ವಾರದ ಹಸ್ತಪ್ರತಿಯೋ, ಕೋಳಿ ಕೆದರಿದ ಹಾಗಿತ್ತು. ಲ್ಯಾಟಿನ್‌ನ ‘ವೆರೆಕುಂದಿಯಾ’ ಪದದ ಸಂಸಾರವೆಲ್ಲ ಅದರಲ್ಲಿ. ತವರಿನಲ್ಲಿ ಅದಕ್ಕೆ ಹಿರಿಯರ ಮುಂದಿನ ಸಂಕೋಚ, ಮರ್ಯಾದೆ ಎಂಬ ಅರ್ಥ. ಇಟಾಲಿಯನ್‌ಗೆ ಹೋಗಿ ‘ವೆರ್ಗೋನ್ಯಾ’ ಆದಮೇಲೆ ನಾಚಿಕೆ, ಮಾನಗೇಡು. ಮನೆಗೆ ಹೊರಡುವ ಅವಸರದಲ್ಲಿದ್ದ ಹುಡುಗಿ ಹಸ್ತಪ್ರತಿಯ ಮೇಲೆ ಕರಡಿನದೇ ಇನ್ನೊಂದು ಪ್ರತಿ ಇಟ್ಟುಕೊಂಡು ಸರಾಗವಾಗಿ ಓದಿಬಿಟ್ಟಳು. ಅಚ್ಚನ್ನು ಅಚ್ಚಿಗೇ ಹೋಲಿಸಿದರೆ ತಪ್ಪು ಸಿಗುವುದಾದರೂ ಹೇಗೆ? ಅಚ್ಚು ಜೋಡಿಸುವವನು ಬಿಟ್ಟಿದ್ದ ಸ್ಪ್ಯಾನಿಷ್ ಸಾಲು ಬಿಟ್ಟಂತೆಯೇ ಅಚ್ಚಾಯಿತು.

ಸಾಲು ಬಿಟ್ಟುಹೋದದ್ದು ಕಣ್ಣಿಗೆ ಬಿದ್ದಾಗ ಸಂಪಾದಕರು ಇಬ್ಬರನ್ನೂ ಕರೆಸಿದರು.

“ಆ ಸಾಲು ಓದಿದ್ಯೇನಮ್ಮ?”

“ಓದಿದ್ದೆ ಸರ್,” ಎಂದಳು ಹುಡುಗಿ.

“ಓದಿರ್ತಾಳೆ ಸರ್. ನನಗೇ ಕೇಳಿಸಿಲ್ಲ,” ಎಂದರು ದೊಡ್ಡಮ್ಮ. “ಈ ಕಿವಿ ನಂಬ್ಕೊಂಡು ಇನ್ನು ಕೂರಬಾರದು. ನಾಳೆಯಿಂದ ಬರೋದಿಲ್ಲ.”

ಸಂಪಾದಕರು ಬೇಡವೆನ್ನಲಿಲ್ಲ. ಹುಡುಗಿಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು. ನೆಲ ಬಿಡದಿದ್ದರೆ ಹೋಗಲಿ, ಅವಳಾದರೂ ಬಾಯಿಬಿಡಬಹುದಿತ್ತು. ಭಂಡಿ, ದೊಡ್ಡಮ್ಮನ ಹಿಂದೆಯೇ ಹೊರಬಂದಳು.

ಮೇಜಿಗೆ ಮರಳಿದ ದೊಡ್ಡಮ್ಮ ಬೆನ್ನು ತಿರುಗಿಸಿ ನಿಂತು ಕನ್ನಡಕದ ಡಬ್ಬಿ, ನೀರಿನ ಬಾಟಲಿಗಳನ್ನು ಚೀಲಕ್ಕೆ ತುಂಬತೊಡಗಿದರು. “ಅದೇನಿತ್ತಮ್ಮ ಆ ಸಾಲು? ಒಂದ್ಸಲ ಜೋರಾಗಿ ಓದು, ಕೇಳ್ಕೊಂಡೇ ಹೋಗ್ತೀನಿ.”

ಅವಳು ಹಸ್ತಪ್ರತಿ ತೆಗೆದಳು. ನಾಚಿಕೆಯಿಂದ ದನಿ ತುಟಿ ದಾಟಿದ್ದೇ ಹೆಚ್ಚು. “ಸ್ಪ್ಯಾನಿಷ್‌ನಲ್ಲಿ ವೆರ್ಗುವೆನ್ಸಾ. ಜೊತೆಗೆ ಅಹೇನಾ ಸೇರಿದರೆ, ಬೇರೆಯವರ ತಪ್ಪಿಗೆ ನಮಗಾಗುವ ನಾಚಿಕೆ.”

“ವೆರ್ಗುವೆನ್ಸಾ, ಅಹೇನಾ,” ದೊಡ್ಡಮ್ಮ ತಿರುಗದೆಯೇ ಒಪ್ಪಿಸಿದರು. “ಬೇರೆಯವರ ತಪ್ಪಿಗೆ...” ಅಷ್ಟಕ್ಕೆ ಅವರ ಕೈ ನಿಂತಿತು. ನಿಧಾನವಾಗಿ ಇತ್ತ ತಿರುಗಿದರು.

“ಇಷ್ಟು ಮೆತ್ತಗೆ ಓದಿದ್ರೂ ಕೇಳಿಸ್ತಲ್ಲಮ್ಮ. ಅವತ್ತು ನೀನು ಇದನ್ನ ಓದ್ಲೇ ಇಲ್ಲ, ಅಲ್ವಾ?”

ಹುಡುಗಿ ಇಲ್ಲವೆಂದು ತಲೆಯಾಡಿಸಿದಳು. ಬೈಗುಳಕ್ಕೆ ಕಾದಳು. ದೊಡ್ಡಮ್ಮ ಬೈಯಲಿಲ್ಲ. ತಪ್ಪು ಮಾಡಿದವರು ತಾವೇ ಎಂಬಂತೆ ಕುರ್ಚಿಯಲ್ಲಿ ಕುಸಿದು ತಲೆತಗ್ಗಿಸಿ ಕೂತರು. ಅದನ್ನು ನೋಡಲಾರದೆ ಅವಳು ಹಸ್ತಪ್ರತಿ ಎತ್ತಿಕೊಂಡು ಹೋಗಿ ಸಂಪಾದಕರ ಬಾಗಿಲು ತಟ್ಟಿದಳು.